ಹಾಸಗಲ್ಲಿನ ಎಂಬತ್ತೆರಡು ಹೆಸರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯೆಲ್ಲ ಹೇಳುತ್ತದೆ. ಸುಳ್ಳೇನಲ್ಲ. ಶಹಾಪುರದ ತಹಶೀಲ್ ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅರ್ಜಿ ಟೈಪ್ ಮಾಡಿಕೊಡುವುದೂ ಅಲ್ಲೇ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಹಿಡಿದು ಬಂದವರನ್ನೂ ಬೈಯುತ್ತೇನೆ, ಹಾಗೆ ಬರೆದುಕೊಟ್ಟವರನ್ನೂ ಬೈಯುತ್ತೇನೆ. ದಾನೇಶ್ವರಿಯ ಬಾಯಿ ಖಾರ, ಕೆಲಸ ಚೊಕ್ಕ ಎಂದುಕೊಂಡು ಜನ ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಜನವರಿಯ ಕೊನೆಯ ವಾರ ಒಬ್ಬ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮಡಿಸಿದ ದೊಡ್ಡ ನಕಾಶೆ. ಕಲರ್‌ನಲ್ಲಿ ಐದು ಪ್ರತಿ ಬೇಕು ಎಂದ. ನಮ್ಮ ಮಷಿನ್ನಿಗೆ ಅಷ್ಟು ದೊಡ್ಡ ಹಾಳೆ ಹಿಡಿಯುವುದಿಲ್ಲ, ತುಂಡು ತುಂಡಾಗಿ ತೆಗೆದು ಅಂಟಿಸಬೇಕು. ಅಂಟಿಸುವಾಗ ನಕಾಶೆಯ ಮೂಲೆಯೊಂದು ಕಣ್ಣಿಗೆ ಬಿತ್ತು. ನೀರಿನ ಟ್ಯಾಂಕು, ಸರ್ಕಾರಿ ಶಾಲೆ, ಬುದ್ಧ ವಿಹಾರ, ಅದರ ಪಕ್ಕದಲ್ಲಿ ನಮ್ಮ ಓಣಿ. ಓಣಿಯ ಬೆನ್ನಿಗೆ ಒಂದು ದೊಡ್ಡ ನೀಲಿ ಚೌಕ.

"ಈ ನೀಲಿ ಅಂದ್ರ ಏನ್ರಿ?" ಎಂದು ಕೇಳಿದೆ.

"ಅಂಗಡಿ ಕಾಂಪ್ಲೆಕ್ಸ್ ಬರೋ ಜಾಗಾ. ಮುಂದಿನ ಇಪ್ಪತ್ತು ವರ್ಷದ ಪ್ಲ್ಯಾನ್ ಇದು. ಜಲ್ದಿ ಮಾಡವ್ವ, ನನಗ ಹೊತ್ತಾಗ್ತದ."

ನಕಾಶೆಯ ಹಿಂದೆ ಒಂದು ಪಟ್ಟಿ ಇತ್ತು. ಪ್ರತಿ ಜಾಗದ ಈಗಿನ ಬಳಕೆ ಏನು, ಮುಂದಿನ ಬಳಕೆ ಏನು ಎಂದು ಅದರಲ್ಲಿ ಬರೆದಿದ್ದರು. ನಮ್ಮ ಓಣಿಯ ಬೆನ್ನಿನ ಜಾಗಕ್ಕೆ ಬರೆದದ್ದು ಹೀಗೆ: ಖಾಲಿ ಬಂಡೆ, ಬಳಕೆ ಇಲ್ಲ. ಮುಂದೆ: ವಾಣಿಜ್ಯ. ಓದಿದ ಕೂಡಲೇ ನನ್ನ ತಲೆ ಕೆಟ್ಟುಹೋಯಿತು. ಬಿಳಿ ಅಂಗಿಯವನಿಗೆ ಐದು ಪ್ರತಿ ಕೊಟ್ಟೆ. ಆರನೆಯದನ್ನು ನನಗೆಂದು ತೆಗೆದು ಮೇಜಿನ ಖಾನೆಯೊಳಗೆ ಹಾಕಿಕೊಂಡೆ.

ಆ ಖಾಲಿ ಬಂಡೆಯ ಮೇಲೆ ಆ ಹೊತ್ತಿಗೆ ನನ್ನ ಅವ್ವ ಕುಳಿತಿದ್ದಳು.

ನಾವು ಅದನ್ನು ಹಾಸಗಲ್ಲು ಎನ್ನುತ್ತೇವೆ. ಎರಡೂವರೆ ಎಕರೆಯಷ್ಟು ಅಗಲದ ಒಂದೇ ಕಲ್ಲು, ಮನೆಯ ಅಂಗಳದ ಹಾಗೆ ಸಮ. ಸರ್ಕಾರಿ ಗೈರಾಣ, ಅಂದರೆ ಗೋಮಾಳ, ಯಾರ ಹೆಸರಿಗೂ ಇಲ್ಲ. ಸಂಕ್ರಾಂತಿ ಕಳೆಯಿತೆಂದರೆ ಗೋಗಿ, ಶಿರವಾಳ ಕಡೆಯ ಸಣ್ಣ ರೈತರು ಟಂಟಂ ಗಾಡಿಯಲ್ಲಿ ಹಸಿ ಮೆಣಸಿನಕಾಯಿ ತಂದು ಇಲ್ಲಿ ಸುರಿಯುತ್ತಾರೆ. ಹೊಲದ ಮಣ್ಣಿನ ಮೇಲೆ ಎಂಟು ದಿನ ಬೇಕಾಗುವ ಒಣಗು ಈ ಕಲ್ಲಿನ ಮೇಲೆ ನಾಲ್ಕೇ ದಿನಕ್ಕೆ ಮುಗಿಯುತ್ತದೆ, ಧೂಳೂ ಹತ್ತುವುದಿಲ್ಲ. ಹರಡುವುದು, ಮಗುಚುವುದು, ಒಣಗಿದ ಮೇಲೆ ತೊಟ್ಟು ಬಿಡಿಸುವುದು, ಆರಿಸಿ ಚೀಲಕ್ಕೆ ತುಂಬುವುದು ನಮ್ಮ ಓಣಿಯ ಹೆಂಗಸರ ಕೆಲಸ. ಎಂಬತ್ತೆರಡು ಮಂದಿ. ಯುಗಾದಿ ದಾಟುವವರೆಗೂ ಆ ಕಲ್ಲಿನ ಒಂದು ಮೊಳವೂ ಕಾಣಿಸುವುದಿಲ್ಲ.

ನನ್ನ ಅವ್ವ ಸುಂದ್ರಮ್ಮ ಮೊದಲು ಹತ್ತು ವರ್ಷ ಪೇಟೆಯ ವ್ಯಾಪಾರಿಯೊಬ್ಬನ ಗೋದಾಮಿನಲ್ಲಿ ಇದೇ ಕೆಲಸ ಮಾಡಿದವಳು. ಕಿಟಕಿಯಿಲ್ಲದ ತಗಡಿನ ಗೋದಾಮು, ಗಾಳಿಗೆ ಮಾಲು ಹಾರಬಾರದೆಂದು ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅಲ್ಲಿ ಹಿಡಿದ ಕೆಮ್ಮು ಅವಳನ್ನು ಇನ್ನೂ ಬಿಟ್ಟಿಲ್ಲ. ಹಾಸಗಲ್ಲಿಗೆ ಬಂದ ಮೇಲೆ ಬಯಲ ಗಾಳಿಗೆ ಅದು ಅರ್ಧ ಇಳಿದಿದೆ. ಹಾಸಗಲ್ಲು ಹೋದರೆ ಅವಳಿಗಾಗಲಿ ಉಳಿದವರಿಗಾಗಲಿ ಗೋದಾಮು ಬಿಟ್ಟು ಬೇರೆ ದಾರಿಯಿಲ್ಲ. ಅಂಗಡಿಗೆ ಬಂದು ಕೂಡು, ನಾನು ಸಾಕುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದೇನೆ. "ನಿನ್ನ ಅಂಗಡ್ಯಾಗ ಕುಂತು ನಾ ಯಾರ ಸಂಗಾಟ ಮಾತಾಡ್ಲಿ, ಆ ಮಷಿನ್ ಸಂಗಾಟೇನು?" ಎನ್ನುತ್ತಾಳೆ.

ಅವತ್ತು ಸಂಜೆ ನಕಾಶೆಯನ್ನು ಕಲ್ಲಿನ ಮೇಲೆಯೇ ಹರಡಿ ನಾಲ್ಕು ಮೂಲೆಗೆ ನಾಲ್ಕು ಚಪ್ಪಲಿ ಇಟ್ಟೆ. ಹೆಂಗಸರು ಸುತ್ತಲೂ ಬಗ್ಗಿ ನೋಡಿದರು. ಓಣಿಯ ಹಿರಿಯ ಮರಿಲಿಂಗಪ್ಪ ಕಾಕಾ ಕೋಲೂರಿಕೊಂಡು ಬಂದ. ಮೂವತ್ತು ವರ್ಷ ಶಾಲೆಯಲ್ಲಿ ಜವಾನನಾಗಿದ್ದವನು. ಸಾಹೇಬರು ಎಂಬ ಮಾತು ಬಂದರೆ ಸಾಕು, ಇಂದಿಗೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ.

"ಖಾಲಿ ಅಂತ ಬರದಾರ?" ಎಂದು ಮಸ್ತಾನಬಿ ಎದ್ದು ನಿಂತಳು. ಅವಳ ಜಾಗ ಅವ್ವನ ಜಾಗದ ಪಕ್ಕದಲ್ಲೇ. "ನಾ ಇಲ್ಲಿ ಇಪ್ಪತ್ತೆರಡು ವರ್ಷದಿಂದ ಕುಂತೀನಿ. ನಾ ಅವರ ಕಣ್ಣಿಗಿ ಕಾಣಂಗಿಲ್ಲೇನು? ಸಣ್ಣ ಹೆಣಮಗಳೇನು ನಾ?"

ಎಲ್ಲರೂ ನಕ್ಕರು, ಯಾಕೆಂದರೆ ಮಸ್ತಾನಬಿ ಸಣ್ಣ ಹೆಣ್ಣುಮಗಳಂತೂ ಅಲ್ಲ.

"ಸರ್ವೆದವ್ರು ಬಂದಿದ್ರವ್ವ," ಎಂದ ಮರಿಲಿಂಗಪ್ಪ ಕಾಕಾ. "ಶ್ರಾವಣದಾಗ. ಮಳಿ ಹೊಡೀತಿತ್ತು. ಎರಡು ಫೋಟೋ ಹೊಡ್ಕೊಂಡು ಹೋದ್ರು. ನಾನೇ ಚಹಾ ಕುಡಿಸಿ ಕಳಿಸೀನಿ."

"ಚಹಾ ಕುಡಿಸೀದಿ, ಯಾಕ ಬಂದೀರಿ ಅಂತ ಕೇಳಲಿಲ್ಲ?"

"ಬಂದ ಮಂದೀನ ಯಾಕ ಬಂದೀರಿ ಅಂತ ಹ್ಯಾಂಗ ಕೇಳೂದವ್ವ?"

ಇದಕ್ಕೆ ಏನು ಹೇಳುತ್ತೀರಿ? ನಮ್ಮ ಕಡೆ ಹಾಗೆ ಕೇಳುವುದು ಮರ್ಯಾದೆಯಲ್ಲ, ಅದು ನನಗೂ ಗೊತ್ತು. ಸಿಟ್ಟು ನುಂಗಿಕೊಂಡೆ. ಪಟ್ಟಿಯ ಕೆಳಗಿನ ತಾರೀಖಿನ ಪ್ರಕಾರ ಆಕ್ಷೇಪಣೆ ಕೊಡಲು ಇನ್ನು ಹನ್ನೆರಡು ದಿನ ಇತ್ತು. ಎಲ್ಲರೂ ಸೇರಿ ಒಂದು ಅರ್ಜಿ ಕೊಟ್ಟರೆ ಅದು ಒಂದೇ ಕಾಗದ, ಯಾವುದೋ ಫೈಲಿನಡಿ ಸೇರಿಹೋಗುತ್ತದೆ. ಒಬ್ಬೊಬ್ಬರದೂ ಬೇರೆ ಬೇರೆ ಅರ್ಜಿ ಎಂದು ನಾನು ಹಟ ಹಿಡಿದೆ. ಯಾರು, ಎಷ್ಟು ವರ್ಷದಿಂದ ಕೂಡುತ್ತಾರೆ, ಯಾವ ಊರಿನ ರೈತರ ಮಾಲು, ದಿನಕ್ಕೆ ಎಷ್ಟು ಚೀಲ, ಎಲ್ಲವನ್ನೂ ಅವರವರ ಬಾಯಿಂದಲೇ ಕೇಳಿ ಟೈಪ್ ಮಾಡಿದೆ. ಒಂಬತ್ತು ದಿನ ಹಿಡಿಯಿತು. ಉಳಿದ ಗಿರಾಕಿಗಳು ಆ ಒಂಬತ್ತು ದಿನ ನನ್ನಿಂದ ಬೈಸಿಕೊಂಡರು, ಪಾಪ.

ಯಾದಗಿರಿಯ ಯೋಜನಾ ಕಚೇರಿಯ ಗುಮಾಸ್ತ ಕಟ್ಟನ್ನು ನೋಡಿ, "ಎಲ್ಲಾ ಒಂದೇ ವಿಷಯ ಅದಲ್ರಿ, ಒಂದರ ಮ್ಯಾಲ ಸಿಕ್ಕಾ ಹೊಡ್ದು ಕೊಡ್ತೀನಿ," ಎಂದ.

"ಎಂಬತ್ತೆರಡು ಮಂದಿ ಅದಾರ, ಎಂಬತ್ತೆರಡು ಸಿಕ್ಕಾ ಹೊಡೀರಿ. ನಿಮ್ಮ ಕೈ ನೋವಾದ್ರ ನಾ ಹೊಡೀತೀನಿ, ಕೊಡ್ರಿ ಇಲ್ಲೆ."

ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಪಕ್ಕದ ಕೋಣೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಗುಮಾಸ್ತ ಎಂಬತ್ತೆರಡಕ್ಕೂ ಕಚೇರಿಯ ಮುದ್ರೆಯ ಸಿಕ್ಕಾ ಹೊಡೆದ.

ಹದಿನೈದು ದಿನಕ್ಕೆ ಪತ್ರ ಬಂತು. ಯೋಜನಾಧಿಕಾರಿಗಳು ಖುದ್ದಾಗಿ ಸ್ಥಳ ಪರಿಶೀಲನೆಗೆ ಬರುತ್ತಾರೆ, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಮರಿಲಿಂಗಪ್ಪ ಕಾಕಾ ಪತ್ರವನ್ನು ನನ್ನ ಕೈಯಿಂದ ಇಸಿದುಕೊಂಡು ಎರಡು ಸಲ ಓದಿಸಿ ಕೇಳಿದ. ಹಾಸಗಲ್ಲು ಮೆಣಸಿನಕಾಯಿಯಿಂದ ತುಂಬಿ ತುಳುಕುತ್ತಿತ್ತು. ಸಾಹೇಬರು ಬಂದು ಕಣ್ಣಾರೆ ಒಮ್ಮೆ ನೋಡಿದರೆ ಸಾಕು, ಮಾತೇ ಬೇಕಾಗಿಲ್ಲ ಎಂದುಕೊಂಡೆ. ಹೆದರಿಕೆ ಇದ್ದದ್ದು ಒಂದೇ, ಬರುತ್ತೇನೆಂದವರು ಬರದೇ ಹೋದರೆ? ಅದಕ್ಕೇ ಮಂಗಳವಾರ ನಸುಕಿನ ಬಸ್ಸಿಗೆ ನಾನೇ ಯಾದಗಿರಿಗೆ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತೆ. ಅವರ ಜೀಪಿನಲ್ಲೇ ವಾಪಸು ಹೊರಟೆ.

ಸಾಹೇಬರು ದಾವಣಗೆರೆ ಕಡೆಯವರು, ನಲವತ್ತರ ಒಳಗಿನವರು, ಮಾತು ಕಡಿಮೆ. ದಾರಿಯುದ್ದಕ್ಕೂ ನನ್ನ ಎಂಬತ್ತೆರಡು ಅರ್ಜಿಗಳನ್ನು ಒಂದೊಂದಾಗಿ ಓದುತ್ತಿದ್ದರು. ನನಗೆ ಅದು ಬಹಳ ಹಿಡಿಸಿತು.

"ಇಲ್ಲಿಂದ ಸುರಪುರಕ್ಕೆ ಹೋಗಬೇಕು, ಎರಡು ಗಂಟೆಗೆ ಅಲ್ಲಿ ಇನ್ನೊಂದು ಜಾಗ ನೋಡೋದಿದೆ," ಎಂದರು. "ನಿಮ್ಮದಕ್ಕೆ ಒಂದು ಗಂಟೆ ಸಿಗಬಹುದು. ನೋಡಿ, ಅರ್ಜೀಲಿ ಏನು ಬರೆದಿದ್ದರೂ ನಾನು ನೋಡಿದ್ದನ್ನೇ ವರದಿ ಮಾಡೋನು."

"ಅಷ್ಟೇ ಬೇಕಾಗ್ಯಾದ್ರಿ ನಮಗ," ಎಂದೆ.

ಜೀಪು ಟ್ಯಾಂಕಿನ ಹತ್ತಿರ ತಿರುಗಿತು. ನಾನು ಸೀಟಿನ ತುದಿಗೆ ಬಂದು ಕತ್ತು ಚಾಚಿ ನೋಡಿದೆ.

ಹಾಸಗಲ್ಲಿನ ಮೇಲೆ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ, ಕೊಡಗಟ್ಟಲೆ ನೀರು ಹಾಕಿ ತೊಳೆದಿದ್ದರು. ನಡುವೆ ಶಾಮಿಯಾನ, ಅದರ ಕೆಳಗೆ ಬಾಡಿಗೆಯ ಕುರ್ಚಿಗಳು, ಮೇಜಿನ ಮೇಲೆ ಹೂವಿನ ಹಾರ, ಒಂದು ಶಾಲು, ಬಾಳೆಹಣ್ಣು. ಮುಂದೆ ಬಣ್ಣದ ರಂಗೋಲಿ, ಸುಸ್ವಾಗತ ಎಂದು ಬೇರೆ ಬರೆದಿತ್ತು. ಎಂಬತ್ತೆರಡು ಹೆಂಗಸರು ಪೆಟ್ಟಿಗೆಯ ಸೀರೆ ಉಟ್ಟು ಎರಡು ಸಾಲಾಗಿ ನಿಂತಿದ್ದರು. ಅವ್ವ ನನ್ನ ಮದುವೆ ಮಾತುಕತೆಗೆಂದು ತೆಗೆದಿಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು.

ಸಾಹೇಬರು ಜೀಪಿನಿಂದ ಇಳಿದು ಸುತ್ತಲೂ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅರ್ಜಿಗಳ ಕಟ್ಟನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮರಿಲಿಂಗಪ್ಪ ಕಾಕಾ ಹಾರ ಹಿಡಿದು ಕುಂಟುತ್ತಲೇ ಅವಸರದಿಂದ ಬಂದ. ನಾನು ಅಡ್ಡ ನಿಂತೆ.

"ಏನ್ ಮಾಡಿಟ್ಟೀರಿ ಕಾಕಾ? ಮಾಲೆಲ್ಲಿ? ಎಲ್ಲಾ ಎಲ್ಲಿ ಹಾಕೀರಿ?"

"ಚೀಲಕ್ಕ ತುಂಬಿ ಮನಿಯೊಳಗ ಇಟ್ಟೀವವ್ವ. ನೀ ಬಸ್ಸಿಗಿ ಹೋದ ಮ್ಯಾಲ ಐದು ಗಂಟೆಕ್ಕ ಎದ್ದು ಎಲ್ಲಾರೂ ಕೈ ಹಚ್ಚೀವಿ. ಸಾಹೇಬ್ರು ಮನಿ ಬಾಗಲಿಗಿ ಬರ್ತಾರ, ಆ ಘಾಟಿನ್ಯಾಗ ಅವರಿಗಿ ಹ್ಯಾಂಗ ಕುಂಡ್ರಸೂದು? ಸೀನಿ ಸೀನಿ ಸಾಯ್ತಾರ. ನಮಗೇನು ಇಜ್ಜತ್ ಇಲ್ಲೇನು?"

"ಇಜ್ಜತ್ ಹಾಳಾಗ್ಲಿ! ಖಾಲಿ ಅದ ಅಂತ ಬರದಾರ ಅಂತಂದು ನಾವು ಜಗಳಾ ಮಾಡಾಕತ್ತೀವಿ, ನೀವು ತೊಳದು ಖಾಲಿ ಮಾಡಿ ತೋರಸಾಕತ್ತೀರಿ! ಬುದ್ಧಿ ಅದ ಏನು ನಿಮಗ?"

ಎಪ್ಪತ್ತು ದಾಟಿದ ಮುದುಕನಿಗೆ ಎಲ್ಲರೆದುರು ಹಾಗೆ ಕೂಗಿದೆ. ಅವನು ಎತ್ತಿ ಹಿಡಿದ ಹಾರವನ್ನು ಕೆಳಗಿಳಿಸಿದ. ಧೋತರದ ಅಂಚು ಒದ್ದೆಯಾಗಿತ್ತು; ಮೊಣಕಾಲು ನೋವಿನವನು ಬೆಳಗಿನಿಂದ ತಾನೂ ಬಗ್ಗಿ ಕಲ್ಲು ತೊಳೆದಿದ್ದ. ನನಗೆ ಕೂಡಲೇ ನಾಚಿಕೆಯಾಯಿತು. ತಪ್ಪು ಅವನದಲ್ಲ, ನನ್ನದು. ಇದೇ ಓಣಿಯಲ್ಲಿ ಹುಟ್ಟಿದವಳು ನಾನು. ಯಾರಾದರೂ ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಹಾಸಿಗೆ, ಬುಟ್ಟಿ, ಒಣಹಾಕಿದ ಬಟ್ಟೆ ಎಲ್ಲವೂ ಒಳಗೆ ಹೋಗಿ, ನೆಲ ಸಾರಿಸಿ, ಮನೆಯಲ್ಲಿ ಯಾರೂ ಬದುಕಿಯೇ ಇಲ್ಲವೇನೋ ಎಂಬಂತೆ ಆಗುತ್ತದೆ. ಹಾಗಿರುವಾಗ ಇದ್ದದ್ದು ಇದ್ದಂತೆ ಇರಲಿ ಎಂದು ಮೊದಲೇ ಹೇಳುವುದು ನನಗೆ ತೋಚಲಿಲ್ಲ. ಪತ್ರ, ಸಿಕ್ಕಾ, ಜೀಪು ಎಂದು ಓಡಾಡಿದೆ, ನಮ್ಮವರನ್ನೇ ಮರೆತೆ.

"ತಪ್ಪಾತು ಕಾಕಾ," ಎಂದೆ. ಆಮೇಲೆ ಸಾಹೇಬರ ಕಡೆ ತಿರುಗಿದೆ. "ನಿಮಗ ಒಂದು ತಾಸು ಅದ ಅಂದಿದ್ರಿ. ಅರ್ಧ ತಾಸು ಈ ಕುರ್ಚಿ ಮ್ಯಾಲ ಕುಂಡ್ರಿ, ಚಹಾ ಕುಡೀರಿ. ಎದ್ದು ಹೋಗಬ್ಯಾಡ್ರಿ, ಇಷ್ಟೇ ಕೇಳ್ತೀನಿ."

ಅವರು ಗಡಿಯಾರ ನೋಡಿಕೊಂಡು ಕುಳಿತರು.

"ತರ್ರಿ!" ಎಂದು ಹೆಂಗಸರ ಕಡೆ ಕೂಗಿದೆ. "ಎಲ್ಲಾ ಹೊರಗ ತರ್ರಿ. ದಿನಾ ಹ್ಯಾಂಗ ಹಾಕ್ತೀರಿ ಹಾಂಗೇ ಹಾಕ್ರಿ."

ಅವ್ವ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಳಕಲ್ ಸೀರೆಯಲ್ಲೇ ಮನೆಯೊಳಗೆ ಹೋಗಿ ಚೀಲವೊಂದನ್ನು ಎಳೆದುಕೊಂಡು ಬಂದಳು. ಅವಳ ಹಿಂದೆ ಮಸ್ತಾನಬಿ. ಆಮೇಲೆ ಒಟ್ಟಿಗೆ ಎಲ್ಲರೂ ಹೊರಟರು. ಟಂಟಂ ಓಡಿಸುವ ಮುಜಫರ ಚೀಲಗಳಿಗೆ ಹೆಗಲು ಕೊಟ್ಟ. ಸಾಹೇಬರ ಡ್ರೈವರ್ ಕೂಡ ಸುಮ್ಮನೆ ನಿಲ್ಲಲಾರದೆ ಎರಡು ಚೀಲ ಹೊತ್ತ.

ಬಿಸಿಲಿಗೆ ಕಲ್ಲು ಆಗಲೇ ಆರಿತ್ತು. ಹೆಂಗಸರು ಚೀಲ ಸುರಿದರು, ಹರಡಿದರು. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅವತ್ತು ಮಾತ್ರ ಹೊಸದಾಗಿ ಕಂಡೆ. ಕಲ್ಲಿನ ಮೇಲೆ ಒಂದು ಗೆರೆಯಿಲ್ಲ, ಗುರುತಿನ ಕಲ್ಲಿಲ್ಲ. ಆದರೂ ಒಬ್ಬೊಬ್ಬಳೂ ನೆಟ್ಟಗೆ ತನ್ನ ಜಾಗಕ್ಕೇ ಹೋದಳು. ಯಾರೂ ಯಾರನ್ನೂ ಸರಿ ಎನ್ನಲಿಲ್ಲ, ಒಬ್ಬಳ ಕಾಲು ಇನ್ನೊಬ್ಬಳ ಮಾಲಿಗೆ ತಾಗಲಿಲ್ಲ. ನಡುವೆ ಗಾಡಿ ಬರುವ ದಾರಿ ತಾನಾಗಿ ಉಳಿಯಿತು. ಇಪ್ಪತ್ತೈದೇ ನಿಮಿಷದಲ್ಲಿ ಹಾಸಗಲ್ಲು ಕೆಂಪಾಯಿತು.

ಸಾಹೇಬರು ಕುರ್ಚಿಯಿಂದ ಎದ್ದು ನಿಂತು ನೋಡುತ್ತಿದ್ದರು. ಚಹಾ ಆರಿಹೋಗಿತ್ತು. ಒಂದು ಸೀನು, ಎರಡು, ಮೂರು. ಕರವಸ್ತ್ರ ಮೂಗಿಗೆ ಹಿಡಿದು ಮಾಲಿನ ನಡುವಿನ ದಾರಿಗೆ ಇಳಿದರು.

"ನಿಮ್ಮ ಜಾಗ ಇಲ್ಲಿಗೇ ಮುಗಿಯುತ್ತೆ ಅಂತ ಹೇಗೆ ಗೊತ್ತು?" ಎಂದು ಮಸ್ತಾನಬಿಯನ್ನು ಕೇಳಿದರು.

"ಇಲ್ಲಿಂದ ಆಚೀಗಿ ಸುಂದ್ರಮ್ಮ ಕುಂಡ್ರತಾಳ್ರಿ," ಎಂದಳು ಅವಳು. ಇದರಲ್ಲಿ ಕೇಳುವುದೇನಿದೆ ಎಂಬಂತೆ ಅವರನ್ನು ನೋಡಿದಳು.

"ಯಾರಾದರೂ ತೀರಿಕೊಂಡರೆ ಆ ಜಾಗ?"

"ಮಗಳು ಕುಂಡ್ರತಾಳ, ಇಲ್ಲಾ ಸೊಸಿ. ಯಾರೂ ಇಲ್ಲಂದ್ರ ಹೊಸದಾಗಿ ಓಣಿಗಿ ಬಂದಾಕಿಗಿ ಕೊಡ್ತೀವ್ರಿ."

ಅವರು ಟೇಪು ತರಿಸಿದರು. ಎಂಬತ್ತೆರಡು ಜಾಗಗಳನ್ನೂ ಅಳೆಸಿದರು. ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ತಾವೇ ಬರೆದುಕೊಂಡರು. ಎರಡು ಗಂಟೆಯಾಯಿತು, ಡ್ರೈವರ್ ಸುರಪುರದ ನೆನಪು ಮಾಡಿದ. ಇವತ್ತು ಆಗುವುದಿಲ್ಲ ಎಂದು ಫೋನ್ ಮಾಡು ಎಂದರು. ಅಳತೆ ಮುಗಿದ ಮೇಲೆ ಶಾಮಿಯಾನದ ಕೆಳಗೆ ಬಂದು ನನ್ನನ್ನೂ ಕಾಕಾನನ್ನೂ ಕರೆದರು.

"ನೋಡಿ, ಇದು ಖಾಲಿ ಜಾಗ ಅಲ್ಲ, ಅದನ್ನು ನಾನು ಬರೀತೀನಿ. ಆದರೆ ನಮ್ಮ ನಕ್ಷೆಯಲ್ಲಿ ಮೆಣಸಿನಕಾಯಿ ಒಣಗಿಸೋ ಜಾಗ ಅಂತ ಒಂದು ಬಣ್ಣ ಇಲ್ಲ. ಉದ್ಯಾನವನ ಅಂತ ಶಿಫಾರಸು ಮಾಡ್ತೀನಿ. ಹಸಿರು ಬಣ್ಣ. ನಕ್ಷೆ ಒಪ್ಪೋ ಸಮಿತಿ ಅದಕ್ಕೆ ಬೇಡ ಅನ್ನಲ್ಲ. ಒಮ್ಮೆ ಹಸಿರಾದರೆ ಇಲ್ಲಿ ಯಾರೂ ಒಂದು ಅಂಗಡಿ ಕಟ್ಟೋಕಾಗಲ್ಲ."

ಕಾಕಾ ಕೈ ಮುಗಿದ. ಹೆಂಗಸರಲ್ಲಿ ಗುಜುಗುಜು ಎದ್ದಿತು, ಒಬ್ಬಳು ಚಪ್ಪಾಳೆ ಹೊಡೆದಳು. ನನಗೂ ಅಳು ಬರುವಷ್ಟು ಹಗುರಾಯಿತು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಆಯ್ತ್ರಿ ಎಂದುಬಿಟ್ಟೆ.

ಆಗ ಅವ್ವ ತನ್ನ ಜಾಗದಿಂದ ಎದ್ದು ಬಂದಳು. ಅಧಿಕಾರಿಯೊಬ್ಬರ ಎದುರು ಅವಳು ಬಾಯಿ ತೆಗೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ರೇಷನ್ ಅಂಗಡಿಯಲ್ಲಿ ಕೂಡ ನನ್ನನ್ನೇ ಮುಂದೆ ಮಾಡುತ್ತಾಳೆ.

"ಸಾಹೇಬ್ರ, ಪಾರ್ಕ್ ಆದ ಮ್ಯಾಲ ಇಲ್ಲಿ ಮೆಣಸಿನಕಾಯಿ ಹಾಕಾಕ ಬಿಡ್ತಾರೇನ್ರಿ?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲ ಅಮ್ಮ. ಕಾಂಪೌಂಡ್ ಬರುತ್ತೆ, ಗೇಟ್ ಬರುತ್ತೆ. ನಡೆದಾಡೋಕೆ, ಕೂತ್ಕೊಳ್ಳೋಕೆ ಬಿಡ್ತಾರೆ."

"ಹಾಂಗಾದ್ರ ನಮಗ ಪಾರ್ಕ್ ಬ್ಯಾಡ್ರಿ."

"ಸುಂದ್ರಾ, ಸುಮ್ಮನಿರು," ಎಂದ ಕಾಕಾ. "ಕೈಗಿ ಬಂದದ್ದು ತಗೋಬೇಕು."

"ಅಮ್ಮ, ಹಸಿರು ಅಂದರೆ ಗ್ಯಾರಂಟಿ," ಎಂದರು ಸಾಹೇಬರು. "ಅದು ಬಿಟ್ಟು ಸಾರ್ವಜನಿಕ ಬಳಕೆ, ಹೀಗೆ ಹೀಗೆ ಕೆಲಸ ನಡೆಯುತ್ತೆ ಅಂತ ಬರೆಯಬಹುದು. ಆದರೆ ಅದು ಸಮಿತಿಯಲ್ಲಿ ನಿಲ್ಲುತ್ತೋ ಇಲ್ಲವೋ ನನ್ನ ಕೈಯಲ್ಲಿಲ್ಲ. ಕಾಂಪ್ಲೆಕ್ಸ್ ಬೇಕು ಅನ್ನೋರೂ ಬಂದು ಕೂತಿರ್ತಾರೆ. ಬಿದ್ದುಹೋದರೆ ಮತ್ತೆ ನೀಲಿಯೇ."

"ನೀಲಿ ಆದ್ರೂ ನಾವು ಗೋದಾಮಿಗಿ ಹೋಗಬೇಕು, ಹಸರ ಆದ್ರೂ ಗೋದಾಮಿಗೇ ಹೋಗಬೇಕು," ಎಂದಳು ಅವ್ವ. "ಹತ್ತು ವರ್ಷ ನಾ ಅಲ್ಲಿ ಕುಂತೀನ್ರಿ. ಹೊರಗಿಂದ ಚಿಲಕ ಹಾಕ್ತಿದ್ರು. ಇಕೀ ಸಣ್ಣಾಕಿದ್ದಾಗ ಜ್ವರ ಬಂದದಂತ ಶಾಲಿಯಿಂದ ಹೇಳಿ ಕಳಿಸಿದ್ರ, ಮಧ್ಯಾನ ಚಿಲಕ ತೆಗೆಯೂತನಕ ನಾ ಒಳಗೇ ಇದ್ದೆ. ನೀವು ಕಂಡದ್ದು ಬರೀತೀನಿ ಅಂದೀರಂತ, ಇಕಿ ಹೇಳ್ಯಾಳ್ರಿ. ಕಂಡದ್ದೇ ಬರೀರಿ. ಮುಂದಿಂದು ನಾವು ನೋಡ್ಕೋತೀವಿ."

ಚಿಲಕದ ಸಂಗತಿ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಶಾಲೆಯ ಜಗಲಿಯಲ್ಲಿ ಜ್ವರದಲ್ಲಿ ಮಲಗಿದ್ದು, ಅವ್ವ ಯಾಕೆ ಬರಲಿಲ್ಲ ಎಂದು ಮೂರು ದಿನ ಅವಳ ಜೊತೆ ಮಾತು ಬಿಟ್ಟಿದ್ದು ನನಗೆ ನೆನಪಿದೆ. ಹತ್ತಿರ ಹೋಗಿ ಅವಳ ಸೆರಗಿಗೆ ಹತ್ತಿದ್ದ ಮೆಣಸಿನ ಬೀಜ ಕೊಡವಿದೆ.

ಅವ್ವ ತಿರುಗಿ ತನ್ನ ಜಾಗಕ್ಕೆ ಹೋಗಿ ಕುಳಿತು ತೊಟ್ಟು ಬಿಡಿಸತೊಡಗಿದಳು. ಮಸ್ತಾನಬಿ ಅವಳ ಪಕ್ಕ ಕುಳಿತಳು. ಗೊಲ್ಲಾಳಮ್ಮ ಕುಳಿತಳು, ಲಾಲಮ್ಮ ಕುಳಿತಳು. ನೋಡುತ್ತಿದ್ದಂತೆ ಎಲ್ಲರೂ ಕೆಲಸಕ್ಕೆ ಕೂತರು. ಪಾರ್ಕ್ ಬೇಡ ಎಂದು ಬೇರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾಕಾ ನನ್ನ ಕಡೆ ನೋಡಿದ, ನಾನು ಸಾಹೇಬರ ಕಡೆ ನೋಡಿದೆ.

"ಅವ್ವ ಹೇಳಿದಂಗ ಬರೀರಿ," ಎಂದೆ.

ಅವರು ಹೊಸ ಹಾಳೆ ತೆಗೆದುಕೊಂಡು ಒಬ್ಬೊಬ್ಬರ ಹತ್ತಿರವೂ ಹೋದರು. ಹೆಸರು, ಜಾಗದ ಅಳತೆ, ಎಷ್ಟು ವರ್ಷ. ಇಳಿಹೊತ್ತಿಗೆ ಎಂಬತ್ತೆರಡನೆಯ ಹೆಸರಾಗಿ ಮುದುಕಿ ಸಾಯಬಮ್ಮನದನ್ನು ಬರೆದು ಸಹಿ ಹಾಕಿದರು. ಕಾಕಾ ಹಾರ ಹಾಕಿಯೇ ಕಳಿಸಿದ. ಅದೊಂದನ್ನು ನಾನು ತಡೆಯಲಿಲ್ಲ.

ಸಮಿತಿಯ ಸಭೆ ಮಾರ್ಚ್ ಎರಡನೆಯ ವಾರ ಯಾದಗಿರಿಯಲ್ಲಿ. ಕೆಲಸದ ಹೊತ್ತು, ಒಂದು ದಿನ ಮಗುಚದಿದ್ದರೆ ಮಾಲಿಗೆ ಕಪ್ಪು ಹತ್ತುತ್ತದೆ. ಇಬ್ಬರು ಹೋಗಿ ಬಂದರೆ ಸಾಕಲ್ಲ ಎಂದು ಕೆಲವರು ಅಂದರು. ಅವ್ವ ಒಪ್ಪಲಿಲ್ಲ. ಗೋಗಿ ಮತ್ತು ಶಿರವಾಳದ ರೈತರಿಗೆ ಹೇಳಿ ಕಳಿಸಿದಳು; ಅವರು ತಮ್ಮ ಹೆಂಡಿರು ಮಕ್ಕಳೊಂದಿಗೆ ಬಂದು ಆ ಒಂದು ದಿನ ಮಾಲು ಮಗುಚುವ ಹೊಣೆ ಹೊತ್ತರು. ನಾವು ಎರಡು ಬಸ್ಸು ತುಂಬಿ ಹೊರಟೆವು.

ಸಭೆ ಇದ್ದದ್ದು ಎರಡನೆಯ ಮಹಡಿಯಲ್ಲಿ. ಹಾಲ್‌ನಲ್ಲಿ ಮೂವತ್ತು ಕುರ್ಚಿ. ನಮ್ಮವರು ಗೋಡೆಗುಂಟ, ಬಾಗಿಲಲ್ಲಿ, ಪಡಸಾಲೆಯಲ್ಲಿ, ಮೆಟ್ಟಿಲ ಮೇಲೆ ನಿಂತರು. ಮುಂದಿನ ಸಾಲಿನಲ್ಲಿ ಕಾಂಪ್ಲೆಕ್ಸ್ ಬೇಕೆನ್ನುವವರು ವಕೀಲರ ಸಮೇತ ಕುಳಿತಿದ್ದರು. ಆ ಬಿಳಿ ಅಂಗಿಯವನೂ ಇದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

ಅವರ ವಕೀಲ ಎದ್ದು, ಊರು ಬೆಳೆಯುತ್ತಿದೆ, ಅಂಗಡಿಗಳು ಬೇಕು, ಬಂಡೆಯ ಮೇಲೆ ಯಾವಾಗಲೋ ನಾಲ್ಕು ಜನ ಮೆಣಸಿನಕಾಯಿ ಹಾಕಿಕೊಳ್ಳಬಹುದು, ಈ ಎಂಬತ್ತೆರಡು ಹೆಸರು ಯಾರೋ ಕೂತು ಬರೆದ ಪಟ್ಟಿ ಎಂದರು. ನಾನು ಬಾಯಿ ತೆಗೆಯುವುದರೊಳಗೆ ಅವ್ವ ಗೋಡೆ ಬಿಟ್ಟು ಮುಂದೆ ಬಂದಳು.

"ಹೆಸರು ಓದ್ಸಿ ನೋಡ್ರಿ ಸಾಹೇಬ್ರ," ಎಂದು ಅಧ್ಯಕ್ಷರಿಗೆ ಹೇಳಿದಳು.

ಅಧ್ಯಕ್ಷರು ವಕೀಲರನ್ನು ನೋಡಿದರು, ಗುಮಾಸ್ತನಿಗೆ ತಲೆಯಾಡಿಸಿದರು. ಸಿಕ್ಕಾ ಹೊಡೆದಿದ್ದ ಅದೇ ಗುಮಾಸ್ತ ಓದತೊಡಗಿದ.

"ಗೊಲ್ಲಾಳಮ್ಮ."

"ಅದೀನ್ರಿ."

"ಲಾಲಮ್ಮ."

"ಅದೀನ್ರಿ."

"ಮರಿಲಿಂಗಮ್ಮ."

"ಇಲ್ಲೇ ಅದೀನ್ರಿ."

ಹದಿನೈದು ಹೆಸರಾದ ಮೇಲೆ ಅಧ್ಯಕ್ಷರು ಸಾಕು ಎಂದು ಕೈ ಎತ್ತಿದರು. "ಪೂರಾ ಓದ್ಸಿರಿ," ಎಂದಳು ಅವ್ವ. ದನಿ ಏರಿಸಲಿಲ್ಲ, ಕೂಡಲೂ ಇಲ್ಲ. ಗುಮಾಸ್ತ ಮುಂದೆ ಓದಿದ. ಉತ್ತರಗಳು ಹಾಲ್‌ನೊಳಗಿಂದ ಬಂದವು, ಬಾಗಿಲಿನಿಂದ ಬಂದವು, ಮೆಟ್ಟಿಲಿನಿಂದ ಬಂದವು. ಮಸ್ತಾನಬಿಯ "ಅದೀನ್ರಿ"ಗೆ ಮೇಜಿನ ಮೇಲಿನ ಗ್ಲಾಸು ಅಲುಗಿತು. "ಸುಂದ್ರಮ್ಮ" ಎಂದಾಗ ಅವ್ವ ಅಲ್ಲೇ ನಿಂತು "ಅದೀನ್ರಿ" ಎಂದಳು. ಐವತ್ತು ದಾಟುವ ಹೊತ್ತಿಗೆ ವಕೀಲರು ತಮ್ಮ ಕಾಗದ ಮಡಿಸಿಟ್ಟಿದ್ದರು.

"ಸಾಯಬಮ್ಮ," ಎಂದು ಗುಮಾಸ್ತ ಕೊನೆಯ ಹೆಸರು ಓದಿದ.

ಉತ್ತರ ಬರಲಿಲ್ಲ. ಮತ್ತೊಮ್ಮೆ ಓದಿದ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಸಾಯಬಮ್ಮ ಗೈರುಹಾಜರಾ?" ಎಂದು ಅಧ್ಯಕ್ಷರು ಕೇಳಿದರು.

ಆ ಮಾತು ಬಾಗಿಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಮೆಟ್ಟಿಲಿಗೆ, ಬಾಯಿಂದ ಬಾಯಿಗೆ ಇಳಿದು ಹೋಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಕೆಳಗಿನಿಂದ ಒಂದು ಮುದಿ ದನಿ ಬಂತು, ತಡೆದುಕೊಳ್ಳಲಾರದ ಸಿಟ್ಟಿನಲ್ಲಿ.

"ಯಾವನವ ಇಲ್ಲ ಅಂದಾವ? ಮೊಣಕಾಲು ಬರಂಗಿಲ್ಲ, ಮೆಟ್ಟಲಾ ಹತ್ತಾಕ ಆಗಂಗಿಲ್ಲ! ಕೆಳಗ ಕುಂತೀನಿ! ಸಾಯಬಮ್ಮ ಅದಾಳಂತ ಬರಕೋ!"

ಅಧ್ಯಕ್ಷರು ಕುರ್ಚಿಯಿಂದ ಎದ್ದು ಕಿಟಕಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ತಿರುಗಿ ಬಂದು ಪೆನ್ನು ತೆಗೆದು, ಖಾಲಿ ಬಂಡೆ ಎಂಬ ಸಾಲಿನ ಮೇಲೆ ಗೆರೆ ಎಳೆದರು. "ಸಾರ್ವಜನಿಕ ಬಳಕೆ. ಮೆಣಸಿನಕಾಯಿ ಒಣಗಿಸುವ ಜಾಗ. ಹೀಗೇ ಬರೀರಿ," ಎಂದರು. "ಹೆಸರಿನ ಪಟ್ಟೀನೂ ನಕ್ಷೆ ಜೊತೆ ಲಗತ್ತಿಸ್ರಿ. ಎಂಬತ್ತೆರಡೂ."

ನಾನು ಗೋಡೆಗೆ ಒರಗಿ ನಾಚಿಕೆ ಬಿಟ್ಟು ಅತ್ತೆ. ಅವ್ವ ಅಳಲಿಲ್ಲ. ಮೆಟ್ಟಿಲು ಇಳಿದು ಸಾಯಬಮ್ಮನ ಪಕ್ಕದಲ್ಲಿ ನೆಲಕ್ಕೆ ಕುಳಿತು ಅವಳ ಮೊಣಕಾಲು ತಿಕ್ಕತೊಡಗಿದಳು.

"ಏನಂದ್ರ?" ಎಂದು ಕೇಳಿದಳು ಮುದುಕಿ.

"ಅದೀವಿ ಅಂತ ಬರಕೊಂಡ್ರು," ಎಂದಳು ಅವ್ವ.